ಒಕ್ಕೂಟದ ಹೊಸ್ತಿಲಲ್ಲಿ ಕಿರೋ ಮಾಸ್ಟ್ರ ಮನೆ

ಬಿ.ಸಿ. ರೋಡು

ನಾವು ಹೊರಟಿದ್ದ ದೇಶದ ಹೆಸರು ಹೇಳಿದರೆ ಬಿ.ಸಿ. ರೋಡಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನನ್ನ ಗಂಡ ಜಯರಾಮ ಅಲ್ಲಿ ಬಸ್‌ಸ್ಟ್ಯಾಂಡಿನ ಎದುರು ಹೋಟೆಲು ನಡೆಸುತ್ತಾರೆ. ಬೆಳಗ್ಗೆ ಬನ್ಸ್ ತಿನ್ನಲು ಬರುವ ಮಾಮೂಲಿ ಗಿರಾಕಿಗಳಿಗೆಲ್ಲ ಹೆಂಡತಿಯ ಪ್ರಯಾಣದ ವಿವರ ಕೊಡುವುದೇ ಒಂದು ವಾರ ಅವರ ಕೆಲಸವಾಗಿತ್ತು.

"ಉತ್ತರ ಮೆಸಿಡೋನಿಯ" ಎಂದು ಅವರು ಹೇಳಿದಾಗ ಒಬ್ಬರು ಚಹಾದ ಗ್ಲಾಸು ಕೆಳಗಿಟ್ಟು ಕೇಳಿದರಂತೆ, "ಉತ್ತರ ಉಂಟು ಅಂದ್ಮೇಲೆ ದಕ್ಷಿಣವೂ ಇರಬೇಕಲ್ಲ ಮಾರಾಯ್ರೆ. ನಮ್ಮದು ದಕ್ಷಿಣ ಕನ್ನಡ, ಆಚೆ ಉತ್ತರ ಕನ್ನಡ. ಅವರ ದಕ್ಷಿಣ ಎಲ್ಲಿ ಉಂಟು?"

ಇದು ಸರಿಯಾದ ಪ್ರಶ್ನೆ ಎಂದು ನನಗೂ ಅನಿಸಿತು. ಫೋನಿನಲ್ಲಿ ವೆಸ್ನಳನ್ನು ಕೇಳಿದೆ. ಅವಳು, "ಬಂದು ನನ್ನ ಅಪ್ಪನನ್ನೇ ಕೇಳು. ಉತ್ತರ ಹೇಳಿ ಮುಗಿಸಲು ಅವರಿಗೆ ಒಂದು ವಾರ ಬೇಕು" ಎಂದಳು.

ವೆಸ್ನ ನನ್ನ ಹಳೆಯ ಗೆಳತಿ. ಕುವೈತಿನ ಒಂದು ಆಸ್ಪತ್ರೆಯಲ್ಲಿ ಹನ್ನೆರಡು ವರ್ಷ ಒಂದೇ ವಾರ್ಡಿನಲ್ಲಿ ನರ್ಸುಗಳಾಗಿದ್ದೆವು. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ. ಅರ್ಧ ಇಂಗ್ಲಿಷ್, ಕಾಲು ಅರಬ್ಬಿ, ಉಳಿದದ್ದು ಕೈಸನ್ನೆ ಸೇರಿ ನಮ್ಮದೇ ಒಂದು ಭಾಷೆ ಆಗಿತ್ತು. ಊರಿಗೆ ಮರಳಿದ ಮೇಲೆ ನಾನು ಮೂಡುಬಿದಿರೆಯ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡಲು ಸೇರಿದೆ. ಅವಳು ಸ್ಟ್ರುಮಿತ್ಸ ಎಂಬ ತನ್ನೂರಿಗೆ ಹೋಗಿ ಅಪ್ಪನನ್ನು ನೋಡಿಕೊಂಡಿದ್ದಳು. ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ, "ಮೆಣಸು ಸುಡುವ ಕಾಲ ಬಂತು, ಬಾ" ಎನ್ನುತ್ತಿದ್ದಳು. ಈ ಸಲ ಹೊರಟೆ.

ಜೊತೆಗೆ ಗಿರಿಜಕ್ಕ. ನನ್ನ ದೊಡ್ಡಕ್ಕ. ಬೆಳ್ತಂಗಡಿ ತಾಲೂಕಿನ ಹೈಸ್ಕೂಲುಗಳಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತಳಾಗಿ ಉಜಿರೆಯಲ್ಲಿ ಇದ್ದಾಳೆ. ದೇಶ ಬಿಟ್ಟು ಹೊರಗೆ ಹೋದವಳೇ ಅಲ್ಲ. "ಅಲ್ಲಿ ನೋಡಲಿಕ್ಕೆ ಏನುಂಟು?" ಎಂದು ಕೇಳಿದಳು. "ಗೊತ್ತಿಲ್ಲ" ಎಂದೆ. "ಹಾಗಾದರೆ ಹೋಗುವ" ಎಂದಳು.

ಸ್ಕೋಪ್ಯೆ

ರಾಜಧಾನಿಯ ವಿಮಾನ ನಿಲ್ದಾಣದಲ್ಲಿ ಅಕ್ಕನ ಸೂಟ್‌ಕೇಸನ್ನು ಪಕ್ಕಕ್ಕೆ ತೆಗೆದಿಟ್ಟರು. ಕಾರಣ ನನಗೆ ಕೂಡಲೇ ಗೊತ್ತಾಯಿತು, ಏಕೆಂದರೆ ಅದು ಮೂಗಿಗೆ ಬರುತ್ತಿತ್ತು. ಬೇಡ ಎಂದರೂ ಕೇಳದೆ ಅಕ್ಕ ಒಣ ಸಿಗಡಿ ಚಟ್ನಿಯ ಡಬ್ಬಿ ತಂದಿದ್ದಳು. ದಾರಿಯಲ್ಲಿ ಅದರ ಮುಚ್ಚಳ ಸಡಿಲಾಗಿತ್ತು.

ಕಸ್ಟಮ್ಸಿನ ಅಧಿಕಾರಿ ಡಬ್ಬಿಯನ್ನು ಮೂಗಿನ ಹತ್ತಿರ ತಂದು, ಮತ್ತೆ ದೂರ ಹಿಡಿದು, ಇನ್ನೊಬ್ಬನನ್ನು ಕರೆದ. ಇಬ್ಬರೂ ನೋಡಿದರು. "ಮೀನು ಹಿಡಿಯಲು ಗಾಳಕ್ಕೆ ಹಾಕುವುದಾ?" ಎಂದು ಕೇಳಿದ.

ಅಕ್ಕ ಕ್ಲಾಸಿನಲ್ಲಿ ನಿಂತ ಹಾಗೆ ನೆಟ್ಟಗೆ ನಿಂತು, ಪುಸ್ತಕದ ಇಂಗ್ಲಿಷಿನಲ್ಲಿ, ಇದು ಗಂಜಿಯ ಜೊತೆ ನೆಂಜಿಕೊಳ್ಳುವ ಪದಾರ್ಥ, ಹುರಿದು ಕಾಯಿತುರಿ ಸೇರಿಸಿ ಮಾಡುವುದು ಎಂದು ವಿಧಾನವನ್ನೇ ವಿವರಿಸತೊಡಗಿದಳು. ಹಿಂದೆ ಸಾಲು ಬೆಳೆಯುತ್ತಿತ್ತು. ಅಧಿಕಾರಿ ಸೂಟ್‌ಕೇಸು ಮುಚ್ಚಿ ಕೈಮುಗಿಯುವ ಹಾಗೆ ಮಾಡಿ ಕಳಿಸಿಬಿಟ್ಟ. ಡಬ್ಬಿ ಅಲ್ಲೇ ಉಳಿಯಿತು. ಅಕ್ಕ ಎರಡು ದಿನ ಅದನ್ನು ನೆನೆಸಿಕೊಳ್ಳುತ್ತಿದ್ದಳು.

ಹೊರಗೆ ವೆಸ್ನ ಕಾಯುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು, ನಗು ಮಾತ್ರ ವಾರ್ಡಿನದೇ. ಸ್ಟ್ರುಮಿತ್ಸಕ್ಕೆ ಎರಡೂವರೆ ಗಂಟೆಯ ದಾರಿ. ಕಾರು ಊರು ದಾಟಿದ ಮೇಲೆ ಅವಳು ಹೇಳಿದಳು, "ಮನೆಯಲ್ಲಿ ಎರಡು ವಿಷಯ ಎತ್ತಬೇಡಿ. ಒಂದು, ಯುರೋಪಿನ ಒಕ್ಕೂಟ. ಇನ್ನೊಂದು, ನನ್ನ ಮಗಳು ಬಿಲ್ಯಾನ."

"ಮಗಳ ವಿಷಯ ಯಾಕೆ ಎತ್ತಬಾರದು?" ಎಂದು ನಾನು ಕೇಳಿದೆ.

"ಎರಡೂ ಒಂದೇ ವಿಷಯ" ಎಂದಳು ವೆಸ್ನ.

ಮತ್ತೆ ದಾರಿಯುದ್ದಕ್ಕೂ ಬಿಡಿಸಿ ಹೇಳಿದಳು. ಯುರೋಪಿಯನ್ ಒಕ್ಕೂಟಕ್ಕೆ ಸೇರಲು ಅವಳ ದೇಶ ಇಪ್ಪತ್ತು ವರ್ಷದಿಂದ ಬಾಗಿಲಲ್ಲಿ ನಿಂತಿದೆ. ಒಳಗಿರುವ ದೇಶಗಳಲ್ಲಿ ಒಂದು ಬೇಡವೆಂದರೂ ಹೊರಗಿನವರಿಗೆ ಬಾಗಿಲು ತೆರೆಯುವುದಿಲ್ಲ. ಮೊದಲು ಗ್ರೀಸ್, ಮೆಸಿಡೋನಿಯ ಎಂಬುದು ನಮ್ಮ ಪ್ರಾಂತ್ಯದ ಹೆಸರು, ನೀವು ಬದಲಿಸಿ ಎಂದಿತು. ಬಹಳ ಜಗಳವಾಗಿ ಕೊನೆಗೆ ಹೆಸರಿನ ಮುಂದೆ 'ಉತ್ತರ' ಬಂತು. ಈಗ ಬಲ್ಗೇರಿಯದ ಸರದಿ. ನಿಮ್ಮಲ್ಲಿರುವ ಬಲ್ಗೇರಿಯನ್ ಜನರ ಹೆಸರನ್ನು ನಿಮ್ಮ ಸಂವಿಧಾನದಲ್ಲಿ ಸೇರಿಸಿದರೆ ಮಾತ್ರ ಮುಂದಿನ ಮಾತು ಎಂದು ಅದು ಕೂತಿದೆ. ಅದರ ಹಿಂದೆ ಇನ್ನೊಂದು ಹಳೆಯ ನೋವು. ಮೆಸಿಡೋನಿಯನ್ ಎಂಬುದು ಬೇರೆ ಭಾಷೆಯೇ ಅಲ್ಲ, ಬಲ್ಗೇರಿಯನ್ನಿನದೇ ಒಂದು ಬಗೆ ಎಂದು ಅಲ್ಲಿ ಅನೇಕರ ವಾದ.

"ನನ್ನ ಅಪ್ಪ ಆ ಭಾಷೆಯನ್ನು ಶಾಲೆಯಲ್ಲಿ ಮೂವತ್ತೆಂಟು ವರ್ಷ ಕಲಿಸಿದವರು. ನನ್ನ ಮಗಳು ಬಲ್ಗೇರಿಯದ ಪಾಸ್‌ಪೋರ್ಟ್ ತೆಗೆದುಕೊಂಡವಳು" ಎಂದಳು ವೆಸ್ನ.

ಆ ಪಾಸ್‌ಪೋರ್ಟ್ ಸಿಗಬೇಕಾದರೆ ತನ್ನ ಮೂಲ ಬಲ್ಗೇರಿಯನ್ ಎಂದು ಕಾಗದಕ್ಕೆ ಸಹಿ ಹಾಕಬೇಕು. ಒಕ್ಕೂಟದ ಯಾವ ದೇಶದಲ್ಲೂ ದುಡಿಯಬಹುದೆಂದು ಎಷ್ಟೋ ಜನ ಹಾಕುತ್ತಾರೆ, ಹೇಳುವುದಿಲ್ಲ. ಬಿಲ್ಯಾನಳೂ ನರ್ಸು. ಸಹಿ ಹಾಕಿ, ದೂರ ಹೋಗದೆ, ಗಡಿಯಾಚೆಯ ಪೆಟ್ರಿಚ್ ಎಂಬ ಪೇಟೆಯ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು. ಅಂದಿನಿಂದ ಎರಡು ವರ್ಷವಾಯಿತು, ಅಜ್ಜ ಅವಳೊಡನೆ ಮಾತಾಡಿಲ್ಲ. ಅವರು ಚೆಸ್ ಆಡಲು ಹೋದ ಹೊತ್ತು ನೋಡಿ ಅವಳು ಮನೆಗೆ ಬಂದು ಹೋಗುತ್ತಾಳೆ.

ಅಕ್ಕ ಹಿಂದಿನ ಸೀಟಿನಿಂದ ನನಗೆ ತುಳುವಿನಲ್ಲಿ ಹೇಳಿದಳು. ನಾವಿಬ್ಬರು ಮಾತಾಡಿಕೊಂಡದ್ದೆಲ್ಲ ತುಳುವಿನಲ್ಲೇ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಶಶಿ, ನಮ್ಮ ಹೋಟೆಲಿನಲ್ಲಿ 'ರಾಜಕೀಯ ಮಾತಾಡಬಾರದು' ಅಂತ ಬೋರ್ಡು ಉಂಟಲ್ಲ, ಇವಳ ಮನೆಗೂ ಒಂದು ಬೇಕಿತ್ತು."

ಸ್ಟ್ರುಮಿತ್ಸ, ಮೊದಲ ಬೆಳಗ್ಗೆ

ಮನೆಯೊಳಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡಬೇಕು. ಇದು ನಮ್ಮದೇ ಕ್ರಮ ಎಂದು ಅಕ್ಕನಿಗೆ ಖುಷಿಯಾಯಿತು. ಆದರೆ ಬರಿಗಾಲಲ್ಲಿ ಒಂದು ಹೆಜ್ಜೆ ಇಡುವಷ್ಟರಲ್ಲಿ ವೆಸ್ನ ಬಟ್ಟೆಯ ಒಳಚಪ್ಪಲಿ ಹಿಡಿದು ಓಡಿ ಬಂದಳು. ನೆಲದ ತಂಡಿ ಕಾಲಿನಿಂದ ಹೊಟ್ಟೆಗೆ ಹೋಗುತ್ತದಂತೆ.

ಅದಕ್ಕಿಂತ ದೊಡ್ಡ ಅಪರಾಧ ಮರುದಿನ ಬೆಳಗ್ಗೆ ಅಕ್ಕನಿಂದ ನಡೆಯಿತು. ಎದ್ದವಳೇ ಗಾಳಿಯಾಡಲಿ ಎಂದು ಹಜಾರದ ಎದುರುಬದುರು ಇದ್ದ ಎರಡು ಕಿಟಕಿಗಳನ್ನೂ ತೆರೆದಳು. ನಾವು ಮನೆ ಕಟ್ಟುವಾಗಲೇ ಹಾಗೆ ಕಿಟಕಿ ಇಡುತ್ತೇವೆ. ಅಷ್ಟರಲ್ಲಿ ಒಳಗಿನಿಂದ ಎತ್ತರದ, ಸಪೂರದ, ಕೋಟು ಹಾಕಿದ ಮುದುಕರೊಬ್ಬರು ಬಂದು, ಏನೂ ಹೇಳದೆ ಒಂದು ಕಿಟಕಿ ಮುಚ್ಚಿದರು. ಅವರು ಅತ್ತ ಹೋದ ಮೇಲೆ ಅಕ್ಕ ಅದನ್ನು ಮತ್ತೆ ತೆರೆದಳು. ಅವರು ಮತ್ತೆ ಬಂದು ಮುಚ್ಚಿದರು. ಮೂರನೇ ಸಲಕ್ಕೆ ವೆಸ್ನ ನಡುವೆ ಬಂದಳು. ಎರಡು ಕಿಟಕಿಯ ನಡುವೆ ಹರಿಯುವ ಗಾಳಿಗೆ ಅಲ್ಲಿ ಬೇರೆಯೇ ಹೆಸರಿದೆ. ಅದು ಕುತ್ತಿಗೆಗೆ ತಾಗಿದರೆ ಕತ್ತು ಹಿಡಿಯುತ್ತದೆ, ಕಿವಿಗೆ ತಾಗಿದರೆ ಹಲ್ಲು ನೋವು. ಹನ್ನೆರಡು ವರ್ಷ ಆಸ್ಪತ್ರೆಯಲ್ಲಿ ದುಡಿದ ವೆಸ್ನಳೂ ಇದನ್ನು ಪೂರ್ತಿ ನಂಬುತ್ತಾಳೆ.

ಹೀಗೆ ಕಿರೋ ಮಾಸ್ಟ್ರ ಪರಿಚಯವಾಯಿತು. ಎಂಬತ್ತೊಂದು ವರ್ಷ. ವೆಸ್ನಳ ಅಪ್ಪ. ಅಕ್ಕ ಮೊದಲ ದಿನದಿಂದಲೇ 'ಮಾಸ್ಟ್ರು' ಎಂದಳು, ನನಗೂ ಅದೇ ಬಾಯಿಗೆ ಬಂತು. ಅವರಿಗೆ ಇಂಗ್ಲಿಷ್ ಬಾರದು. ನಡುವೆ ಕೂತು ವೆಸ್ನ ಅನುವಾದ ಮಾಡುತ್ತಿದ್ದಳು.

ಅಕ್ಕನೂ ಭಾಷಾ ಶಿಕ್ಷಕಿ ಎಂದು ತಿಳಿದ ಮೇಲೆ ಅವರು ಕುರ್ಚಿ ಹತ್ತಿರ ಎಳೆದುಕೊಂಡರು. "ಮನೆಯಲ್ಲಿ ನಿಮ್ಮ ಮಾತು ಯಾವುದು?"

"ತುಳು."

"ಶಾಲೆಯಲ್ಲಿ ಕಲಿಸಿದ್ದು?"

"ಕನ್ನಡ."

"ಎರಡೂ ಒಂದೆಯೋ?"

"ಅಲ್ಲ. ಅಕ್ಕತಂಗಿಯರ ಹಾಗೆ. ಒಂದೇ ಅಲ್ಲ."

"ಒಂದೇ ಎಂದು ಯಾರಾದರೂ ಹೇಳುತ್ತಾರೋ?"

ಅಕ್ಕ ಕಾಫಿಯ ಪುಟ್ಟ ಕಪ್ಪನ್ನು ತಿರುಗಿಸುತ್ತ ಕೂತಳು. "ಕೆಲವರು ಹೇಳ್ತಾರೆ. ಅದು ಬರೇ ಆಡುಮಾತು, ಭಾಷೆ ಅಲ್ಲ ಅಂತ. ದೇಶದ ಸಂವಿಧಾನದಲ್ಲಿ ಭಾಷೆಗಳ ಒಂದು ಪಟ್ಟಿ ಉಂಟು. ಅದರಲ್ಲಿ ತುಳುವನ್ನು ಸೇರಿಸಬೇಕು ಅಂತ ನಮ್ಮವರು ಕೇಳ್ತಾ ಇದ್ದಾರೆ. ಇನ್ನೂ ಆಗಲಿಲ್ಲ."

ವೆಸ್ನ ಅದನ್ನು ಹೇಳಿ ಮುಗಿಸುವಾಗ ಮಾಸ್ಟ್ರ ಮುಖ ಅರಳಿತು. ಅವರು ಮೇಜಿನಾಚೆಯಿಂದ ಕೈ ಚಾಚಿ ಅಕ್ಕನ ಕೈ ಕುಲುಕಿದರು. "ನನ್ನ ಮನೆಗೆ ನಮ್ಮವರೇ ಬಂದಿದ್ದಾರೆ" ಎಂದರಂತೆ. ಆ ದಿನ ಎರಡನೇ ಕಿಟಕಿಯನ್ನೂ ಅರ್ಧ ತೆರೆದಿಡಲು ಒಪ್ಪಿದರು.

ಸೋಮವಾರ ಸಂಜೆ ಊರಿನ ಸಭಾಂಗಣದಲ್ಲಿ ಸಂವಿಧಾನ ಬದಲಿಸಬೇಕೋ ಬೇಡವೋ ಎಂದು ಸಭೆಯಿತ್ತು. ಬೇಡವೆಂದು ಮಾತಾಡಲು ಮಾಸ್ಟ್ರು ನಾಲ್ಕು ಹಾಳೆ ಬರೆದಿದ್ದರು. ನಮ್ಮನ್ನೂ ಕರೆದರು. ಎತ್ತಬಾರದ ವಿಷಯವನ್ನು ಅವರೇ ಎತ್ತಿದ್ದರಿಂದ ನಾವು ಒಪ್ಪಿಕೊಂಡೆವು.

ಮೆಣಸು ಸುಟ್ಟ ಶನಿವಾರ

ಸ್ಟ್ರುಮಿತ್ಸದ ಸುತ್ತ ಬಯಲಿನಲ್ಲಿ ಮೈಲುಗಟ್ಟಲೆ ಮೆಣಸು. ಕೆಂಪಗೆ, ಉದ್ದಕ್ಕೆ, ಅಂಗೈಯಷ್ಟು ಅಗಲ. ಸೆಪ್ಟೆಂಬರಿನಲ್ಲಿ ಪ್ರತಿ ಮನೆಯ ಅಂಗಳದಲ್ಲಿ ಒಲೆ ಹೂಡಿ ಅದನ್ನು ಸುಟ್ಟು, ಸಿಪ್ಪೆ ಸುಲಿದು, ಅರೆದು, ಎಣ್ಣೆಯಲ್ಲಿ ಗಂಟೆಗಟ್ಟಲೆ ಮಗುಚಿ ಬಾಟಲಿಗೆ ತುಂಬುತ್ತಾರೆ. ಆಯ್ವರ್ ಎನ್ನುತ್ತಾರೆ. ಚಳಿಗಾಲ ಪೂರ್ತಿ ಬ್ರೆಡ್ಡಿಗೆ ಅದೇ. ಊರಿಡೀ ಒಂದೇ ವಾಸನೆ. ಅಕ್ಕ ಒಂದು ಚೂರು ಬಾಯಿಗೆ ಹಾಕಿ, "ಖಾರವೇ ಇಲ್ಲದ ಮೆಣಸಿಗೆ ಎಷ್ಟು ಉಪಚಾರ ಮಾರಾಯ್ತಿ" ಎಂದಳು. ಆದರೆ ಸಿಪ್ಪೆ ಸುಲಿಯಲು ಕೂತವಳು ಎದ್ದದ್ದು ಮಧ್ಯಾಹ್ನಕ್ಕೇ. ಹಲಸಿನ ಹಪ್ಪಳ ಒತ್ತುವ ದಿನದ ಹಾಗೆ, ಕೈಗೆ ಕೆಲಸ, ಬಾಯಿಗೆ ಮಾತು.

ಮಾಸ್ಟ್ರು ಚೆಸ್ಸಿಗೆ ಹೋಗಿದ್ದರು. ಹತ್ತು ಗಂಟೆಗೆ ಬಿಲ್ಯಾನ ಬಂದಳು. ಮೂವತ್ತರ ಆಸುಪಾಸು. ಅಜ್ಜನ ಹಾಗೆಯೇ ಎತ್ತರ, ಸಪೂರ. ತೋಳು ಮಡಚಿ ಒಲೆಯ ಮುಂದೆ ಕೂತಳು. ಆಸ್ಪತ್ರೆಯ ಸುದ್ದಿ ಮಾತಾಡಿದೆವು. ಪಾಳಿ, ಬೆನ್ನುನೋವು, ಡಾಕ್ಟರುಗಳ ಅಕ್ಷರ. ನರ್ಸುಗಳ ಕಷ್ಟಕ್ಕೆ ಗಡಿಯಿಲ್ಲ.

ಹನ್ನೊಂದಕ್ಕೆ ಗೇಟು ಸದ್ದಾಯಿತು. ಚೆಸ್ ಜೊತೆಗಾರನಿಗೆ ಓದಿ ಹೇಳಲೆಂದು ತಮ್ಮ ನಾಲ್ಕು ಹಾಳೆ ಒಯ್ಯಲು ಮಾಸ್ಟ್ರು ಹಿಂತಿರುಗಿ ಬಂದಿದ್ದರು. ಅಂಗಳದಲ್ಲಿ ಮೊಮ್ಮಗಳನ್ನು ನೋಡಿ ನಿಂತರು. ವೆಸ್ನಳ ಕೈಯ ಸೌಟೂ ನಿಂತಿತು.

ಮಾಸ್ಟ್ರು ವೆಸ್ನಳ ಕಡೆ ನೋಡಿ ಏನೋ ಹೇಳಿದರು. ವೆಸ್ನ ಮಗಳಿಗೆ ಹೇಳಿದಳು. ಮಗಳು ವೆಸ್ನಳಿಗೆ ಹೇಳಿದಳು. ವೆಸ್ನ ಅಪ್ಪನಿಗೆ ಹೇಳಿದಳು. ನಡುನಡುವೆ ನಮಗೂ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ಪಾಪ. ಒಂದೇ ಭಾಷೆ ಆಡುವ ಇಬ್ಬರ ನಡುವೆ ದುಬಾಷಿಯನ್ನು ನಾನು ನೋಡಿದ್ದು ಅದೇ ಮೊದಲು.

"ಬೆಂಕಿ ಜಾಸ್ತಿಯಾಯಿತು ಎಂದು ನಿನ್ನ ಮಗಳಿಗೆ ಹೇಳು."

"ಬೆಂಕಿ ಸರಿಯಾಗಿದೆ ಎಂದು ನಿನ್ನ ಅಪ್ಪನಿಗೆ ಹೇಳು."

"ಅಲ್ಲಿ ಮೆಣಸು ಸುಡುವುದು ಹಾಗೆಯೋ ಏನೋ."

ಬಿಲ್ಯಾನ ಎದ್ದು ನಿಂತಳು. ಈ ಸಲ ಅಮ್ಮನ ಕಡೆ ನೋಡದೆ ನೇರ ಅಜ್ಜನಿಗೇ ಹೇಳಿದಳು. ವೆಸ್ನ ನಮಗೆ ಹೇಳುವಾಗ ಅವಳ ಸ್ವರ ಇಳಿದಿತ್ತು.

"ಅಜ್ಜ, ನಾನು ಚಿಕ್ಕವಳಿದ್ದಾಗ ಅಜ್ಜಿಯ ಹಳ್ಳಿ ಮಾತಿನಲ್ಲಿ ಪ್ರಬಂಧ ಬರೆದೆ. ನೀವು ಕೆಂಪು ಶಾಯಿಯಲ್ಲಿ ಗೀಚಿದಿರಿ. ಇದು ಭಾಷೆಯಲ್ಲ, ಶುದ್ಧ ಮೆಸಿಡೋನಿಯನ್ ಬರೆ ಎಂದಿರಿ. ಪೆಟ್ರಿಚ್ಚಿನ ರೋಗಿಗಳು ಮಾತಾಡುವಾಗ ನನಗೆ ಕೇಳುವುದು ನೀವು ಗೀಚಿ ತೆಗೆದ ಶಬ್ದಗಳೇ. ನನಗೆ ಅಲ್ಲಿ ಪರಸ್ಥಳ ಎನಿಸದಿದ್ದರೆ ಅದು ನನ್ನ ತಪ್ಪಾ?"

ಮಾಸ್ಟ್ರು ಗೇಟಿನ ಕಡೆ ತಿರುಗಲಿಲ್ಲ. ಒಳಗೂ ಹೋಗಲಿಲ್ಲ. ಬಾವಿಕಟ್ಟೆಯ ಹತ್ತಿರ ಇದ್ದ ಸ್ಟೂಲಿನಲ್ಲಿ ಕೂತರು.

ಆಗ ಅಕ್ಕ ಮಾತಾಡಿದಳು. ನಾನು ಐವತ್ತೈದು ವರ್ಷದಿಂದ ಬಲ್ಲ ಅಕ್ಕ, ಆ ಮಾತನ್ನು ನನಗೂ ಹೇಳಿರಲಿಲ್ಲ. ಅವಳು ನೇರ ತುಳುವಿನಲ್ಲಿ ನನಗೆ ಹೇಳಿ, "ಇದನ್ನು ಅವರಿಗೆ ಹೇಳು" ಎಂದಳು.

"ನಾನು ಕೆಲಸಕ್ಕೆ ಸೇರಿದ ಹೊಸತು. ನೆರಿಯದ ಕಡೆಯಿಂದ ಕಾಡುದಾರಿಯಲ್ಲಿ ನಡೆದುಕೊಂಡು ಬರ್ತಿದ್ದ ಒಂದು ಹುಡುಗಿ ಇತ್ತು, ಸುನೀತ ಅಂತ. ಕ್ಲಾಸಿನಲ್ಲಿ ತುಳು ಮಾತಾಡಬಾರದು ಅಂತ ನಾನೇ ನಿಯಮ ಮಾಡಿದ್ದೆ. ಒಂದು ದಿನ ಅವಳು ಎದ್ದು ನಿಂತು 'ತರೆ ಬೇನೆ ಆಪುಂಡು ಟೀಚರ್' ಅಂದಳು. ತಲೆ ನೋಯ್ತದೆ ಅಂತ. ನಾನು ಹೇಳಿದೆ, ಕನ್ನಡದಲ್ಲಿ ಹೇಳಲಿಕ್ಕೆ ಬಂದ ಮೇಲೆ ಒಳಗೆ ಬಾ, ಅಲ್ಲಿವರೆಗೆ ಹೊರಗೆ ನಿಲ್ಲು. ನಿಂತಳು. ಊಟದ ಬೆಲ್ ಆದಾಗ ಹೋಗಿ ಮುಟ್ಟಿ ನೋಡ್ತೇನೆ, ಮೈ ಕೆಂಡ. ಜ್ವರ. ಅವಳಿಗೆ ಕನ್ನಡ ಬರ್ತಿತ್ತು ಶಶಿ. ಜ್ವರದಲ್ಲಿ ಬಾಯಿಗೆ ಬಂದದ್ದು ಮನೆಯ ಮಾತು."

ನಾನು ಅದನ್ನು ನಮ್ಮ ಕುವೈತಿನ ಇಂಗ್ಲಿಷಿನಲ್ಲಿ ವೆಸ್ನಳಿಗೆ ಹೇಳಿದೆ. ವೆಸ್ನ ಅಪ್ಪನಿಗೂ ಮಗಳಿಗೂ ಹೇಳಿದಳು. ಒಂದು ಮಾತು ಮೂರು ಭಾಷೆ ದಾಟಿ ತಲುಪುವಷ್ಟರಲ್ಲಿ ಒಲೆಯ ಮೇಲಿನ ಮೆಣಸು ಕರಟಿಹೋಗಿತ್ತು. ಯಾರೂ ಏಳಲಿಲ್ಲ.

ಮಾಸ್ಟ್ರು ಅಕ್ಕನಿಗೆ ಹೇಳಿದರು, "ನಾನೂ ಎಷ್ಟೋ ಮಕ್ಕಳನ್ನು ಹೊರಗೆ ನಿಲ್ಲಿಸಿದ್ದೇನೆ. ನಿಮಗೆ ಒಬ್ಬಳ ಹೆಸರಾದರೂ ನೆನಪಿದೆ. ನನಗೆ ಅದೂ ಇಲ್ಲ."

ಹಾಳೆ ತೆಗೆದುಕೊಂಡು ಹೋಗುವುದನ್ನು ಮರೆತು ಅವರು ಬರಿಗೈಯಲ್ಲಿ ಚೆಸ್ಸಿಗೆ ಮರಳಿದರು.

ಸೋಮವಾರದ ಸಭೆ

ಸಭೆ ಎಂದರೆ ನನಗೆ ನಮ್ಮ ಕಡೆಯ ಸಿದ್ಧಕಟ್ಟೆಯ ಗ್ರಾಮಸಭೆ ನೆನಪಾಗುತ್ತದೆ. ಪ್ಲಾಸ್ಟಿಕ್ ಕುರ್ಚಿ, ಕೀಂ ಎನ್ನುವ ಮೈಕು, ಹಿಂದಿನ ಸಾಲಿನಲ್ಲೇ ಕೂರಲು ಪೈಪೋಟಿ. ಇಲ್ಲಿಯೂ ಮೊದಲ ಸಾಲು ಖಾಲಿಯಿತ್ತು. ಮೈಕೂ ಕೀಂ ಎಂದಿತು. ನನಗೆ ಸಮಾಧಾನವಾಯಿತು.

ಗ್ರಂಥಾಲಯದ ಒಬ್ಬ ಹೆಂಗಸು ಗಂಟೆ ಹಿಡಿದು ಕೂತಿದ್ದಳು. ಒಬ್ಬೊಬ್ಬರಿಗೆ ಐದು ನಿಮಿಷ. ಮೊದಲು ಒಬ್ಬ ಮೆಣಸು ಬೆಳೆಗಾರ ಮಾತಾಡಿದ. ಲಾರಿ ಗಡಿಯಲ್ಲಿ ಎರಡು ದಿನ ನಿಂತರೆ ಹಣ್ಣು ಮೆಣಸಿಗೆ ಸಂವಿಧಾನ ಗೊತ್ತಾಗುವುದಿಲ್ಲ, ಕೊಳೆಯುತ್ತದೆ, ಸೇರಿಬಿಡೋಣ ಎಂದ. ಆಮೇಲೆ ಒಬ್ಬ ವಕೀಲ. ಹೆಸರು ಬದಲಿಸಿ ಎಂದರು, ಬದಲಿಸಿದೆವು. ಆಗ ಇದೇ ಕೊನೆ ಎಂದಿದ್ದರು. ಈಗ ಇದು. ನಾಳೆ ಏನು ಕೇಳುತ್ತಾರೆ ಎಂದು ಯಾರಾದರೂ ಬರೆದುಕೊಡುತ್ತೀರಾ ಎಂದು ಕೇಳಿದ. ನಮ್ಮಿಬ್ಬರ ನಡುವೆ ಕೂತು ವೆಸ್ನ ಪಿಸುಗುಟ್ಟುತ್ತಿದ್ದಳು. ಬೆಳೆಗಾರ ಮಾತಾಡುವಾಗ ಅವನದು ಸರಿ ಎನಿಸಿತು, ವಕೀಲ ಮಾತಾಡುವಾಗ ಇವನದು. ಅಕ್ಕನಿಗೂ ಹಾಗೇ ಆಯಿತಂತೆ.

ಮೂರನೆಯದಾಗಿ ಬಿಲ್ಯಾನಳ ಹೆಸರು ಕರೆದರು. ವೆಸ್ನಳಿಗೂ ಇದು ಗೊತ್ತಿರಲಿಲ್ಲ. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. ಹಿಂದಿನ ಬಾಗಿಲಿನಿಂದ ಬಿಲ್ಯಾನ ಬಂದು ಮೈಕಿನ ಮುಂದೆ ನಿಂತಳು. ಒಂದು ಚೀಟಿ ಕೈಯಲ್ಲಿತ್ತು.

"ನಾನು ಗಡಿಯಾಚೆಯ ಪಾಸ್‌ಪೋರ್ಟಿಗೆ ಸಹಿ ಹಾಕಿದವಳು. ಸುಳ್ಳೆಂದು ತಿಳಿದೇ ಹಾಕಿದೆ. ಈ ಸಭೆಯಲ್ಲಿ ಹಾಕಿದವರು ನಾನೊಬ್ಬಳೇ ಅಲ್ಲ, ಹೇಳುವವಳು ಮಾತ್ರ ನಾನೊಬ್ಬಳು. ನಮ್ಮ ದೇಶ ಒಕ್ಕೂಟದ ಒಳಗಿದ್ದಿದ್ದರೆ ನಾನು ಆ ಸುಳ್ಳು ಬರೆಯಬೇಕಾಗಿರಲಿಲ್ಲ. ನಾನು ನಾನಾಗಿಯೇ ಕೆಲಸಕ್ಕೆ ಹೋಗುತ್ತಿದ್ದೆ. ಸಂವಿಧಾನದಲ್ಲಿ ಇನ್ನೊಂದು ಜನರ ಹೆಸರು ಬರೆದರೆ ನಮ್ಮ ಹೆಸರು ಅಳಿಯುವುದಿಲ್ಲ. ನಾವು ಒಬ್ಬೊಬ್ಬರಾಗಿ ಕದ್ದು ಸಹಿ ಹಾಕುತ್ತಿದ್ದರೆ ಅಳಿಯುತ್ತದೆ."

ನಡುವಿನ ಸಾಲಿನಿಂದ ದಪ್ಪಗಿನ ಒಬ್ಬ ಎದ್ದ. ಬಲ್ಗೇರಿಯದವಳು ನಮ್ಮ ಸಂವಿಧಾನದ ಬಗ್ಗೆ ಮಾತಾಡುವುದು ಬೇಡ, ಅವಳು ಈಗ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಾಳೆ ಎಂದು ಮೊದಲು ಕೇಳಿ ಎಂದ. ಕೆಲವರು ಚಪ್ಪಾಳೆ ತಟ್ಟಿದರು. ಇನ್ನು ಕೆಲವರು ಕಾಲು ಕುಟ್ಟಿದರು. ಬಿಲ್ಯಾನ ಚೀಟಿ ನೋಡಿದಳು, ಮತ್ತೆ ಜನರನ್ನು ನೋಡಿದಳು. ಗಂಟೆಯ ಹೆಂಗಸು ಗಂಟೆ ಬಾರಿಸಿದರೂ ಸದ್ದು ನಿಲ್ಲಲಿಲ್ಲ. ಬಿಲ್ಯಾನ ಚೀಟಿ ಮಡಚತೊಡಗಿದಳು.

ಅವಳ ನಂತರ ಮಾತಾಡಬೇಕಿದ್ದ ಕಿರೋ ಮಾಸ್ಟ್ರು ವೇದಿಕೆಯ ಮೆಟ್ಟಿಲ ಬಳಿ ಕೂತಿದ್ದರು. ಅವರು ಎದ್ದರು. ಮೈಕಿಗೆ ಹೋಗಲಿಲ್ಲ. ಮೂವತ್ತೆಂಟು ವರ್ಷ ಕ್ಲಾಸು ಹಿಡಿದ ಗಂಟಲು.

"ಅವಳು ಮಾತಾಡುತ್ತಿರುವುದು ಮೆಸಿಡೋನಿಯನ್" ಎಂದರು. "ನಾನೇ ಕಲಿಸಿದ್ದು. ಇಷ್ಟು ಹೊತ್ತು ಮಾತಾಡಿದ್ದರಲ್ಲಿ ಒಂದು ತಪ್ಪೂ ಮಾಡಿಲ್ಲ. ನೀನು ಆಡಿದ್ದು ಎರಡು ವಾಕ್ಯ, ಸ್ಟೋಯನ್. ಅದರಲ್ಲಿ ಎರಡು ತಪ್ಪು. ನೀನೂ ನನ್ನ ಕ್ಲಾಸಿನಲ್ಲಿ ಇದ್ದವನೇ. ಕೂತುಕೋ."

ಸ್ಟೋಯನ್ ಎಂಬಾತನಿಗೆ ಐವತ್ತರ ಮೇಲಿರಬಹುದು. ಕೂತ. ಸಭೆ ನಕ್ಕಿತು. ಪರವೂ ವಿರೋಧವೂ ಒಟ್ಟಿಗೆ ನಕ್ಕದ್ದು ಆ ಸಂಜೆ ಅದೊಂದೇ ಸಲ.

ಮಾಸ್ಟ್ರು ಮೊಮ್ಮಗಳ ಕಡೆ ತಿರುಗಿದರು. "ಮುಂದೆ ಹೇಳು."

ವೆಸ್ನ ಅದನ್ನು ಆಗ ಅನುವಾದಿಸಲಿಲ್ಲ. ಅವಳ ಕೈ ನನ್ನ ಮಣಿಕಟ್ಟನ್ನು ಬಿಟ್ಟು ಕಣ್ಣಿಗೆ ಹೋಗಿತ್ತು. ಎರಡು ವರ್ಷದಲ್ಲಿ ಅವರು ಮೊಮ್ಮಗಳಿಗೆ ಆಡಿದ ಮೊದಲ ಮಾತು ಅದು.

ಬಿಲ್ಯಾನ ಮುಗಿಸಿದಳು. ಆಮೇಲೆ ಮಾಸ್ಟ್ರು ತಮ್ಮ ನಾಲ್ಕು ಹಾಳೆ ಓದಿದರು, ಒಂದಕ್ಷರ ಬಿಡದೆ. ಬದಲಾವಣೆ ಬೇಡವೇ ಬೇಡ. ಒಬ್ಬರ ಮನೆಗೆ ಹೋಗಲು ನಮ್ಮ ಹೆಸರನ್ನು ಬಾಗಿಲಲ್ಲಿ ಬಿಟ್ಟು ಹೋಗಬೇಕಾದರೆ ಒಳಗೆ ಹೋಗುವವರು ಯಾರು ಎಂದು ಕೇಳಿದರು. ಬಹಳ ಚಪ್ಪಾಳೆ ಬಿತ್ತು. ಕೊನೆಗೆ ಹಾಳೆ ಮಡಚಿ, ಬರೆಯದ ಒಂದು ಮಾತು ಸೇರಿಸಿದರು. "ಕದ್ದು ಸಹಿ ಹಾಕುವವರ ಬಗ್ಗೆ ನನ್ನ ಮೊಮ್ಮಗಳು ಕೇಳಿದ್ದಕ್ಕೆ ಈ ಹಾಳೆಗಳಲ್ಲಿ ಉತ್ತರವಿಲ್ಲ. ಯೋಚಿಸಿ ಹೇಳುತ್ತೇನೆ."

ಸಭೆ ಏನನ್ನೂ ತೀರ್ಮಾನಿಸಲಿಲ್ಲ. ತೀರ್ಮಾನಿಸುವ ಸಭೆಯೂ ಅದಾಗಿರಲಿಲ್ಲ. ಹೊರಗೆ ಬಂದಾಗ ಬೆಳೆಗಾರನೂ ವಕೀಲನೂ ಒಂದೇ ಬೆಂಚಿನಲ್ಲಿ ಕೂತು ಸಿಗರೇಟು ಸೇದುತ್ತಿದ್ದರು.

ಮಂಗಳವಾರ, ಬುಧವಾರ

ಎರಡು ದಿನ ರಜೆ ಹಾಕಿ ಬಿಲ್ಯಾನ ಮನೆಯಲ್ಲೇ ಉಳಿದಳು. ಅಜ್ಜ ಮೊಮ್ಮಗಳು ಬೆಳಗ್ಗಿನ ಕಾಫಿಗೆ ಶುರು ಮಾಡಿದ ವಾದ ಮಧ್ಯಾಹ್ನದ ಸೂಪಿನವರೆಗೂ ಹೋಗುತ್ತಿತ್ತು. ಮೇಜು ಗುದ್ದುವುದು, ಚಮಚ ಎತ್ತಿ ತೋರಿಸುವುದು, ಕುರ್ಚಿ ಹಿಂದೆ ತಳ್ಳಿ ಎದ್ದು ಮತ್ತೆ ಬಂದು ಕೂರುವುದು. ಯಾರೂ ಯಾರನ್ನೂ ಒಪ್ಪಿಸಿದಂತೆ ಕಾಣಲಿಲ್ಲ. ಒಮ್ಮೆ ಗಲಾಟೆ ಜೋರಾದಾಗ ಅಕ್ಕ ಹೆದರಿ, "ಏನಂತೆ?" ಎಂದು ವೆಸ್ನಳನ್ನು ಕೇಳಿದಳು.

ವೆಸ್ನ ಸೌತೆಕಾಯಿ ಹೆಚ್ಚುತ್ತಿದ್ದಳು. "ನಾನು ಕೇಳಿಸಿಕೊಳ್ಳುತ್ತಿಲ್ಲ" ಎಂದಳು. "ಗಡಿಯಾರ ನಿಂತ ಮನೆಯ ಹಾಗಿತ್ತು ಇದು. ಈಗ ಸದ್ದು ಬರುತ್ತಿದೆ. ಬರಲಿ."

ನಾನು ಹೊರಗೆ ಅಂಗಳದಲ್ಲಿ ಕೂತು ಬಾಟಲಿಗಳಿಗೆ ಚೀಟಿ ಅಂಟಿಸಿದೆ. ಬಿಸಿಲು ಹಿತವಾಗಿತ್ತು. ಜಯರಾಮರಿಗೆ ಫೋನ್ ಮಾಡಿ, ಎಲ್ಲ ಚೆನ್ನಾಗಿ ಉಂಟು, ಇಲ್ಲಿ ಜೋರು ಜಗಳ ನಡೆಯುತ್ತಿದೆ ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಗಡಿ

ಗುರುವಾರ ಬಿಲ್ಯಾನ ಕೆಲಸಕ್ಕೆ ಮರಳಬೇಕಿತ್ತು. ಅವಳನ್ನು ಗಡಿಯವರೆಗೆ ಬಿಟ್ಟು ಬರುವ, ನೋಡಿದ ಹಾಗೂ ಆಗುತ್ತದೆ ಎಂದು ವೆಸ್ನಳ ಕಾರಿನಲ್ಲಿ ನಾವೂ ಹಿಂದೆ ಹೊರಟೆವು. ಬಂಟ್ವಾಳದಿಂದ ಬೆಳ್ತಂಗಡಿಗೆ ಹೋದಷ್ಟೂ ಇಲ್ಲ ದೂರ. ನಮ್ಮ ವೀಸಾ ಈಚೆಗೆ ಮಾತ್ರ, ಆಚೆಗಿಲ್ಲ.

ಹೊರಡುವಾಗ ಬಿಲ್ಯಾನಳ ಪುಟ್ಟ ಕಾರಿನ ಮುಂದಿನ ಸೀಟಿನಲ್ಲಿ ಕೋಟು ಟೋಪಿ ಹಾಕಿ ಕಿರೋ ಮಾಸ್ಟ್ರು ಕೂತಿದ್ದರು. ಮಡಿಲಲ್ಲಿ ಆಯ್ವರಿನ ಬಾಟಲಿಗಳ ಚೀಲ. ಅವರೂ ಗಡಿ ನೋಡಲು ಬರುತ್ತಾರೆ ಎಂದುಕೊಂಡೆವು. ಗಡಿಯ ಗೇಟಿನ ಹತ್ತಿರ ವೆಸ್ನ ಕಾರು ನಿಲ್ಲಿಸಿದಳು. ಮುಂದಿನ ಕಾರು ನಿಲ್ಲಲಿಲ್ಲ. ಸಾಲಿನಲ್ಲಿ ಮುಂದೆ ಹೋಯಿತು. ಮಾಸ್ಟ್ರು ಕೋಟಿನ ಒಳಜೇಬಿನಿಂದ ಪಾಸ್‌ಪೋರ್ಟ್ ತೆಗೆಯುವುದು ಹಿಂದಿನ ಗಾಜಿನಲ್ಲಿ ಕಾಣಿಸಿತು. ಕಣ್ಣಿನ ಆಪರೇಷನ್ನಿಗೆ ಗ್ರೀಸಿಗೆ ಹೋಗಲೆಂದು ವೆಸ್ನ ಒತ್ತಾಯದಿಂದ ಮಾಡಿಸಿದ್ದ ಪಾಸ್‌ಪೋರ್ಟ್ ಅದು. ಮೇಲಿರುವ 'ಉತ್ತರ' ಎಂಬ ಪದವನ್ನು ನೋಡಲಾರದೆ ಅದನ್ನು ಯಾವಾಗಲೂ ಬೋರಲಾಗಿ ಇಡುತ್ತಿದ್ದರಂತೆ. ಕಿಟಕಿಯಿಂದ ಕೈ ಚಾಚಿ ಕೊಟ್ಟರು. ಗೇಟು ಎದ್ದಿತು. ಕಾರು ದಾಟಿ ಹೋಯಿತು.

"ನಿನಗೆ ಹೇಳಿದ್ದರಾ?" ಎಂದು ವೆಸ್ನಳನ್ನು ಕೇಳಿದೆ. ಅವಳು ಇಲ್ಲ ಎಂದಳು. ಕಾರಿನ ಬಾಗಿಲು ತೆರೆದೇ ಇತ್ತು. ಅವಳು ರಸ್ತೆಯಲ್ಲೇ ನಿಂತಿದ್ದಳು.

ಗಡಿಯ ಹತ್ತಿರದ ಕಾಫಿ ಅಂಗಡಿಯಲ್ಲಿ ನಾವು ಮೂವರು ಹೆಂಗಸರು ಐದು ಗಂಟೆ ಕೂತೆವು. ಲಾರಿಯವರು ಬಂದು ಹೋಗುತ್ತಿದ್ದರು. ಅಕ್ಕನ ಸೀರೆ ಎಷ್ಟು ಉದ್ದ ಎಂದು ಅಂಗಡಿಯವಳು ಕೇಳಿದಳು. ಅಕ್ಕ ಒಂದು ತುದಿ ಅವಳ ಕೈಗೆ ಕೊಟ್ಟು ಅಳೆದು ತೋರಿಸುತ್ತೇನೆ ಎಂದಾಗ ಬೇಡವೆಂದೆ. ವೆಸ್ನ ಫೋನು ನೋಡುತ್ತ, ಕೆಳಗಿಡುತ್ತ ಇದ್ದಳು. ಮೂರು ಗಂಟೆಗೆ ಬಿಲ್ಯಾನಳ ಕಾರು ಬಂತು. ಅಜ್ಜನನ್ನು ಇಳಿಸಿ, ನಮ್ಮನ್ನು ತಬ್ಬಿ, ಪಾಳಿಗೆ ತಡವಾಗುತ್ತದೆ ಎಂದು ಮತ್ತೆ ಆಚೆ ಹೋದಳು.

ಮಾಸ್ಟ್ರು ಟೋಪಿ ತೆಗೆದು ಮೇಜಿನ ಮೇಲಿಟ್ಟು ಕೂತರು. ಕಾಫಿ ಬಂತು. ವೆಸ್ನ ಕೇಳಲಿಲ್ಲ. ಅಕ್ಕನೇ ಕೇಳಿದಳು, "ಹೇಗಿತ್ತು ಮಾಸ್ಟ್ರೆ?"

"ಮನೆ ಚೊಕ್ಕ ಇಟ್ಟಿದ್ದಾಳೆ. ಒಲೆ ಚಿಕ್ಕದು" ಎಂದರು. "ಆಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅವಳ ವಾರ್ಡಿನಲ್ಲಿ ನನ್ನ ವಯಸ್ಸಿನವರು ಆರು ಜನ. ಎಲ್ಲರ ಜೊತೆ ಮಾತಾಡಿದೆ. ನಾನು ಹೇಳಿದ್ದೆಲ್ಲ ಅವರಿಗೆ ತಿಳಿಯಿತು. ಅವರು ಹೇಳಿದ್ದೆಲ್ಲ ನನಗೆ ತಿಳಿಯಿತು. ನಿಮ್ಮ ಬಲ್ಗೇರಿಯನ್ ಚೆನ್ನಾಗಿದೆ, ಸ್ವಲ್ಪ ಹಳ್ಳಿಯದು ಎಂದರು."

ವೆಸ್ನ ಅನುವಾದ ಮಾಡುತ್ತಿದ್ದವಳು ಅಲ್ಲಿ ನಿಲ್ಲಿಸಿದಳು. "ನೀವೇನು ಹೇಳಿದಿರಿ ಅಪ್ಪ?"

"ತಿದ್ದಿದೆ. ಇದು ಮೆಸಿಡೋನಿಯನ್ ಎಂದು ಹೇಳಿದೆ. ಆರು ಜನರಿಗೂ, ಒಬ್ಬೊಬ್ಬರ ಮಂಚದ ಹತ್ತಿರ ಹೋಗಿ."

"ಒಪ್ಪಿದರಾ?" ಎಂದು ಅಕ್ಕ ಕೇಳಿದಳು.

ಮಾಸ್ಟ್ರು ಕಾಫಿಯ ಕೊನೆಯ ಗುಟುಕು ಕುಡಿದು ಕಪ್ಪು ಕೆಳಗಿಟ್ಟರು. "ಐದು ಜನ ನನ್ನೊಡನೆ ಜಗಳಕ್ಕೆ ಬಂದರು. ಆರನೆಯವನು ಮುದುಕ, ಸಜ್ಜನ. ಎಲ್ಲ ಕೇಳಿ ಮೇಲೆ ಕೆಳಗೆ ತಲೆ ಆಡಿಸಿದ. ನನಗೆ ಬಹಳ ಸಂತೋಷವಾಯಿತು. ಹೊರಗೆ ಬಂದ ಮೇಲೆ ಬಿಲ್ಯಾನ ನೆನಪು ಮಾಡಿದಳು, ಆ ದೇಶದಲ್ಲಿ ಹಾಗೆ ತಲೆ ಆಡಿಸಿದರೆ ಇಲ್ಲ ಎಂದು ಅರ್ಥ."

ಅವರೇ ಮೊದಲು ನಕ್ಕರು. ಎಷ್ಟು ನಕ್ಕರೆಂದರೆ ವೆಸ್ನ ಎದ್ದು ಬೆನ್ನು ತಟ್ಟಬೇಕಾಯಿತು. ಆಮೇಲೆ ಕಣ್ಣೊರೆಸಿಕೊಂಡು, ಬರುವ ತಿಂಗಳು ಮತ್ತೆ ಹೋಗಿ ಅವನನ್ನು ಸರಿಯಾಗಿ ಕೇಳಬೇಕು, ಬಿಲ್ಯಾನಳ ರಜೆ ಯಾವಾಗ ಎಂದು ಬರೆದಿಟ್ಟುಕೋ ಎಂದು ಮಗಳಿಗೆ ಹೇಳಿದರು.